ಬ್ರೌಸರ್‌ಗೆ ಬೀಗ: ‘ಬೇಕಿದ್ದರೆ ಹಾಕಿಕೊಳ್ಳಿ’ ಅಂದರೆ ಸಾಕೇ?

ಸಿನಿಮಾ, ಹಾಡು, ಇ-ಪುಸ್ತಕಗಳನ್ನು ನಕಲು ಮಾಡದಂತೆ ತಡೆಯುವ ತಂತ್ರಾಂಶಕ್ಕೆ ಡಿಆರ್‌ಎಂ ಅನ್ನುತ್ತಾರೆ. ಯಾರು ಬೇಕಾದರೂ ಓದಿ ತಿದ್ದಬಹುದಾದ ಓಪನ್ ಸೋರ್ಸ್ ಬ್ರೌಸರ್‌ಗಳಲ್ಲೂ ಇದು ಬಂದು ಕೂತಿದೆ. ‘ಬೇಡದವರು ಬಳಸದಿದ್ದರಾಯಿತು’ ಅನ್ನುವುದು ಬ್ರೌಸರ್ ಮಾಡುವವರ ಸಮಜಾಯಿಷಿ. ಅದು ಎಷ್ಟು ಸರಿ ಅಂತ ಕೇಳಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಇತ್ತೀಚೆಗೆ ಲಿನಕ್ಸ್‌ಗೆ ಬದಲಾದೆ. ಫೈರ್‌ಫಾಕ್ಸ್‌ನಲ್ಲಿ ಸಿನಿಮಾ ನೋಡಲು ಹೋದರೆ, ಡಿಆರ್‌ಎಂ ಆನ್ ಮಾಡಬೇಕು ಅಂತ ಪುಟದ ಮೇಲೆ ಒಂದು ಪಟ್ಟಿ ಬಂತು. ಬಟನ್ ಒತ್ತಿದೆ, ಸಿನಿಮಾ ಓಡಿತು. ನಾನು ಒಪ್ಪಿಕೊಂಡಿದ್ದು ಏನನ್ನು?

ನೀವು ಬಟನ್ ಒತ್ತಿದ ತಕ್ಷಣ ಫೈರ್‌ಫಾಕ್ಸ್ ವೈಡ್‌ವೈನ್ ಅನ್ನುವ ಫೈಲೊಂದನ್ನು ಇಳಿಸಿಕೊಂಡಿತು. ಇದು ಫೈರ್‌ಫಾಕ್ಸ್‌ನ ಭಾಗವಲ್ಲ, ಗೂಗಲ್‌ನದು. ವೈಡ್‌ವೈನ್ ಮೊದಲು ಬೇರೆ ಕಂಪನಿಯಾಗಿತ್ತು, 2010ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ಫೈರ್‌ಫಾಕ್ಸ್‌ನ ಸೋರ್ಸ್ ಕೋಡ್ ಇಡೀ ಹುಡುಕಿದರೂ ವೈಡ್‌ವೈನ್‌ನ ಕೋಡ್ ನಿಮಗೆ ಸಿಗುವುದಿಲ್ಲ. ಆಡ್-ಆನ್ ಪುಟಕ್ಕೆ ಹೋಗಿ ಪ್ಲಗಿನ್ ವಿಭಾಗ ತೆರೆದರೆ ಅದರ ಹೆಸರು, ಪಕ್ಕದಲ್ಲೇ ಗೂಗಲ್‌ನ ಹೆಸರು ಕಾಣುತ್ತದೆ.

ಕೆಲಸ ನಡೆಯುವುದು ಹೀಗೆ. ಸೈಟ್ ಕಳಿಸುವ ವಿಡಿಯೊ ಗೂಢಲಿಪಿಯಲ್ಲಿರುತ್ತದೆ. ಅದನ್ನು ಬಿಡಿಸಲು ಕೀ ಬೇಕು. ವೈಡ್‌ವೈನ್ ಒಂದು ಕೋರಿಕೆ ತಯಾರಿಸಿ ಪುಟದ ಸ್ಕ್ರಿಪ್ಟ್ ಕೈಗೆ ಕೊಡುತ್ತದೆ. ಸ್ಕ್ರಿಪ್ಟ್ ಅದನ್ನು ಸೈಟ್‌ನ ಲೈಸೆನ್ಸ್ ಸರ್ವರ್‌ಗೆ ಮುಟ್ಟಿಸಿ, ಉತ್ತರ ತಂದು ಮತ್ತೆ ವೈಡ್‌ವೈನ್‌ಗೆ ಕೊಡುತ್ತದೆ. ಕೀ ಇರುವುದು ಆ ಉತ್ತರದ ಒಳಗೆ. ಆದರೆ ಅದನ್ನು ಬ್ರೌಸರ್ ನೋಡುವಂತಿಲ್ಲ, ನೀವೂ ನೋಡುವಂತಿಲ್ಲ. ವೈಡ್‌ವೈನ್ ತನ್ನೊಳಗೇ ಬೀಗ ತೆಗೆದು ಚಿತ್ರಗಳನ್ನು ಮಾತ್ರ ಹೊರಗೆ ಬಿಡುತ್ತದೆ. ಈ ಮಾತುಕತೆ ಹೇಗೆ ನಡೆಯಬೇಕು ಅನ್ನುವ ನಿಯಮಾವಳಿಗೆ ಇಎಂಇ ಎಂದು ಹೆಸರು.

ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರು ಒಂದು ಕೆಲಸ ಚೆನ್ನಾಗಿ ಮಾಡಿದ್ದಾರೆ. ಈ ಫೈಲನ್ನು ಅವರು ಸುಮ್ನೆ ಓಡಲು ಬಿಟ್ಟಿಲ್ಲ, ಸ್ಯಾಂಡ್‌ಬಾಕ್ಸ್ ಒಳಗೆ ಕೂಡಿಹಾಕಿದ್ದಾರೆ. ಅದು ತಾನಾಗಿ ನೆಟ್‌ಗೆ ಹೋಗುವಂತಿಲ್ಲ, ನಿಮ್ಮ ಫೈಲ್‌ಗಳನ್ನು ಮುಟ್ಟುವಂತಿಲ್ಲ. ನಿಮ್ಮ ಯಂತ್ರದ ಗುರುತು ಬೇಕು ಅಂತ ಅದು ಕೇಳಿದರೆ, ಒಂದೊಂದು ಸೈಟ್‌ಗೂ ಬೇರೆ ಬೇರೆ ಗುರುತು ಸಿಗುತ್ತದೆ. ಆ ಸ್ಯಾಂಡ್‌ಬಾಕ್ಸ್‌ನ ಕೋಡ್ ಓಪನ್ ಸೋರ್ಸ್. ಅಂದರೆ ಒಳಗಿರುವವನು ಯಾರು ಅಂತ ಗೊತ್ತಿಲ್ಲದಿದ್ದರೂ ಕೋಣೆಯ ಗೋಡೆಗಳನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ನೀವು ಒಪ್ಪಿದ್ದು ಇಷ್ಟಕ್ಕೆ: ನಿಮ್ಮ ಯಂತ್ರದಲ್ಲಿ ಓಡುವ, ಆದರೆ ನಿಮ್ಮಿಂದಲೇ ಒಂದು ವಿಷಯವನ್ನು ಮುಚ್ಚಿಡುವ ಒಂದು ಪ್ರೋಗ್ರಾಂಗೆ. ಇದನ್ನು ಹಾಕಿಕೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ. ಆ ಪಟ್ಟಿಯಲ್ಲಿ ಇಷ್ಟು ಬಿಡಿಸಿ ಬರೆದಿರಬೇಕಿತ್ತು, ಬರೆದಿಲ್ಲ. ಅಂದಹಾಗೆ, ಲಿನಕ್ಸ್‌ನಲ್ಲಿ ಇದ್ದಿದ್ದರಿಂದ ನಿಮಗೆ ಆ ಪಟ್ಟಿಯಾದರೂ ಕಂಡಿತು. ವಿಂಡೋಸ್, ಮ್ಯಾಕ್‌ಗಳಲ್ಲಿ ಫೈರ್‌ಫಾಕ್ಸ್ ಇದನ್ನು ಮೊದಲೇ ಆನ್ ಮಾಡಿ ಇಟ್ಟಿರುತ್ತದೆ.

ಪ್ರಶ್ನೆ: ಓಪನ್ ಸೋರ್ಸ್ ಅಂತ ಬೋರ್ಡ್ ಹಾಕಿಕೊಂಡು ಒಳಗೆ ಮುಚ್ಚಿದ ಸಾಮಾನು ಇಡುವುದು ಮೋಸ ಅಲ್ವಾ? ಡಿಆರ್‌ಎಂ ಅನ್ನೇ ಓಪನ್ ಸೋರ್ಸ್ ಆಗಿ ಮಾಡಿದರೆ ಮುಗಿಯಿತಲ್ಲ?

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಹಾಗೆ ಮಾಡಲು ಆಗುವುದಿಲ್ಲ. ಸಾಮಾನ್ಯ ಗೂಢಲಿಪಿಯಲ್ಲಿ ನೀವು ಮತ್ತು ನಿಮ್ಮ ಸ್ನೇಹಿತರು ಒಂದು ಕಡೆ, ಕದ್ದು ನೋಡುವವನು ಇನ್ನೊಂದು ಕಡೆ. ಅಲ್ಲಿ ಕೋಡ್ ತೆರೆದಿದ್ದರೂ ಕೀ ಭದ್ರವಾಗಿದ್ದರೆ ಸಾಕು. ಡಿಆರ್‌ಎಂನಲ್ಲಿ ನೋಡುಗನೇ ಕಳ್ಳ ಅನ್ನುವ ಲೆಕ್ಕ. ನಿಮ್ಮ ಮನೆಗೇ ಬೀಗ ಹಾಕಿ, ಕೀಲಿಯನ್ನು ನಿಮ್ಮ ಮನೆಯಲ್ಲೇ ಬಚ್ಚಿಟ್ಟು, ನಿಮಗೆ ಸಿಗದಿರಲಿ ಅಂತ ಹಾರೈಸಿದ ಹಾಗೆ. ಕೋಡ್ ತೆರೆದಿಟ್ಟರೆ ಬೀಗ ತೆಗೆದ ಚಿತ್ರಗಳನ್ನು ಡಿಸ್ಕ್‌ಗೆ ಬರೆಯುವ ನಾಲ್ಕು ಸಾಲನ್ನು ಯಾರೋ ಒಬ್ಬರು ಅದೇ ದಿನ ಸೇರಿಸುತ್ತಾರೆ. ಮುಚ್ಚಿಡುವುದೇ ಅದರ ಬಂಡವಾಳ.

ಇಎಂಇ ನಿಯಮಾವಳಿಯಲ್ಲಿ ಕ್ಲಿಯರ್ ಕೀ ಅನ್ನುವ ತೆರೆದ ವಿಧಾನವೂ ಇದೆ, ಎಲ್ಲ ಬ್ರೌಸರ್‌ಗಳೂ ಅದನ್ನು ಕೊಡಲೇಬೇಕು. ಅಲ್ಲಿ ಕೀ ಪುಟದ ಸ್ಕ್ರಿಪ್ಟ್‌ಗೇ ಕಾಣುತ್ತದೆ. ಅದಕ್ಕೇ ದೊಡ್ಡ ಸಿನಿಮಾ ಸೇವೆಗಳು ಅದನ್ನು ನೆಚ್ಚಿಕೊಳ್ಳುವುದಿಲ್ಲ.

ಇನ್ನು ಮೋಸದ ಮಾತು. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಎಂಇ ಬರುವ ಮುಂಚೆಯೂ ಬ್ರೌಸರ್‌ಗಳಲ್ಲಿ ಡಿಆರ್‌ಎಂ ಇತ್ತು. ಸಿಲ್ವರ್‌ಲೈಟ್, ಫ್ಲ್ಯಾಶ್‌ನಂಥ ಪ್ಲಗಿನ್‌ಗಳ ಒಳಗೆ ಕೂತಿತ್ತು. ಅವು ಇಡೀ ಯಂತ್ರದಲ್ಲಿ ಓಡಾಡಿಕೊಂಡಿದ್ದವು, ಭದ್ರತೆಯ ತೂತುಗಳಿಗೆ ಹೆಸರುವಾಸಿಯಾಗಿದ್ದವು. 2012ರಲ್ಲಿ ಗೂಗಲ್, ಮೈಕ್ರೋಸಾಫ್ಟ್, ನೆಟ್‌ಫ್ಲಿಕ್ಸ್ ಸೇರಿ ಇಎಂಇ ಪ್ರಸ್ತಾಪ ಮುಂದಿಟ್ಟವು. ಮೊಜಿಲ್ಲಾ ವಿರೋಧಿಸಿತು. ಆದರೆ ಉಳಿದ ದೊಡ್ಡ ಬ್ರೌಸರ್‌ಗಳೆಲ್ಲ ಒಪ್ಪಿಕೊಂಡಿದ್ದವು. ಒಪ್ಪದಿದ್ದರೆ ಜನ ಸಿನಿಮಾ ನೋಡಲು ಬೇರೆ ಬ್ರೌಸರ್ ತೆರೆಯುತ್ತಾರೆ, ಆಮೇಲೆ ಅಲ್ಲೇ ಉಳಿದುಬಿಡುತ್ತಾರೆ ಅನ್ನುವ ಭಯ ಮೊಜಿಲ್ಲಾಕ್ಕೆ. 2014ರ ಮೇ ತಿಂಗಳಲ್ಲಿ ಅಡೋಬಿ ಜೊತೆ ಸೇರಿ ಡಿಆರ್‌ಎಂ ತರುತ್ತೇವೆ ಅಂತ ಪ್ರಕಟಿಸಿತು. ಇದು ನಮಗೆ ಇಷ್ಟವಿಲ್ಲ ಅಂತಲೂ ಅದೇ ಪ್ರಕಟಣೆಯಲ್ಲಿ ಹೇಳಿಕೊಂಡಿತು. ಮುಕ್ತ ತಂತ್ರಾಂಶಕ್ಕಾಗಿ ಹೋರಾಡುವ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಅದೇ ದಿನ ಖಂಡಿಸಿತು. 2015ರಲ್ಲಿ ಫೈರ್‌ಫಾಕ್ಸ್ 38ರೊಂದಿಗೆ ವಿಂಡೋಸ್ ಬಳಕೆದಾರರಿಗೆ ಅಡೋಬಿಯ ಫೈಲ್ ಬಂತು. ಇಎಂಇ ಇಲ್ಲದ ಬೇರೆ ಆವೃತ್ತಿಯನ್ನೂ ಪಕ್ಕದಲ್ಲಿ ಇಟ್ಟಿದ್ದರು. 2016ರಲ್ಲಿ ವೈಡ್‌ವೈನ್ ಸೇರಿತು. ಆಮೇಲೆ ಅಡೋಬಿಯದು ಹೊರಗೆ ಹೋಯಿತು.

ಮೋಸ ಅನ್ನುವುದು ಮುಚ್ಚಿಟ್ಟಾಗ. ಮೊಜಿಲ್ಲಾ ಮುಚ್ಚಿಡಲಿಲ್ಲ, ಹಾಗಾಗಿ ಆ ಪದ ನಾನು ಬಳಸುವುದಿಲ್ಲ. ಪ್ಲಗಿನ್‌ಗಿಂತ ಸ್ಯಾಂಡ್‌ಬಾಕ್ಸ್ ವಾಸಿ, ಅದನ್ನೂ ಒಪ್ಪುತ್ತೇನೆ. ಆದರೆ ಇಎಂಇ ಪರ ವಾದಿಸುವವರು ಬೇಗ ದಾಟಿಬಿಡುವ ಮಾತೊಂದಿದೆ. ಪ್ಲಗಿನ್‌ಗಳು ಹೊರಗಿನವು, ಅವಕ್ಕೆ ಸಾವಿತ್ತು. ಫ್ಲ್ಯಾಶ್ 2020ರ ಕೊನೆಗೆ ನಿಂತಿತು, ಸಿಲ್ವರ್‌ಲೈಟ್‌ಗೆ ಬೆಂಬಲ 2021ರಲ್ಲಿ ಮುಗಿಯಿತು. ಇಎಂಇ ಹಾಗಲ್ಲ. ಅದು ವೆಬ್‌ನ ಅಧಿಕೃತ ಮಾನದಂಡ. ಬಾಡಿಗೆಗೆ ಇದ್ದವರನ್ನು ಕಳಿಸಿ, ಮನೆಯ ಒಂದು ಕೋಣೆಯನ್ನೇ ಬರೆದುಕೊಟ್ಟಂತಾಯಿತು.

‘ಐಚ್ಛಿಕ’ ಅನ್ನುವುದನ್ನೂ ಅಳೆದು ನೋಡಬೇಕು. ಬೇಡ ಅಂದವನಿಗೆ ಏನು ನಷ್ಟ? ಒಂದು ಸಿನಿಮಾ ತಪ್ಪಿದರೆ ಪರವಾಗಿಲ್ಲ. ಪಾಠದ ವಿಡಿಯೊ, ಲೈಬ್ರರಿಯಿಂದ ಎರವಲು ತಂದ ಸಾಕ್ಷ್ಯಚಿತ್ರ ಕೂಡ ಅದೇ ಬೀಗದ ಹಿಂದೆ ಹೋದರೆ? ಆಗ ಆಯ್ಕೆ ಹೆಸರಿಗೆ ಮಾತ್ರ ಉಳಿಯುತ್ತದೆ. ಅದಕ್ಕೆ ಕಾರಣ ಬ್ರೌಸರ್ ಒಂದೇ ಅಲ್ಲ ನಿಜ. ಆದರೆ ಎಲ್ಲ ಬ್ರೌಸರ್‌ನಲ್ಲೂ ಓಡುತ್ತದೆ ಅನ್ನುವ ಭರವಸೆ ಇದ್ದರೆ ತಾನೆ ಸೈಟ್‌ನವರು ಬೀಗ ಹಾಕುವುದು?

ಪ್ರಶ್ನೆ: ನಾವು ಒಂದಷ್ಟು ಜನ ಬಿಡುವಿನಲ್ಲಿ, ಗೂಗಲ್ ಕ್ರೋಮ್‌ಗೆ ತಳಹದಿಯಾದ ಓಪನ್ ಸೋರ್ಸ್ ಕ್ರೋಮಿಯಂ ಕೋಡ್ ತೆಗೆದುಕೊಂಡು ಒಂದು ಸಣ್ಣ ಬ್ರೌಸರ್ ಮಾಡಿದ್ದೇವೆ. ವೈಡ್‌ವೈನ್ ಹಾಕಿ ಅಂತ ಬಳಕೆದಾರರು ಕೇಳುತ್ತಲೇ ಇರುತ್ತಾರೆ. ತಂಡದಲ್ಲಿ ಅರ್ಧ ಜನ ‘ಕೊಡೋಣ, ಆಫ್ ಮಾಡಿ ಇಡೋಣ’ ಅನ್ನುತ್ತಾರೆ. ಇನ್ನರ್ಧ ‘ನಮ್ಮ ಹೆಸರಿನಲ್ಲಿ ಬೇಡವೇ ಬೇಡ’ ಅನ್ನುತ್ತಾರೆ. ಏನು ಮಾಡುವುದು?

ಮೊದಲು ಒಂದು ಕಹಿ ವಿಷಯ. ಇದು ನಿಮ್ಮ ತಂಡ ಒಂದೇ ತೀರ್ಮಾನಿಸುವ ಸಂಗತಿಯಲ್ಲ. ವೈಡ್‌ವೈನ್ ಹಂಚಲು ಗೂಗಲ್‌ನ ಒಪ್ಪಿಗೆ ಬೇಕು. ಹಲವರು ಕೂಡಿ ವಿಡಿಯೊ ನೋಡುವ ಓಪನ್ ಸೋರ್ಸ್ ಬ್ರೌಸರೊಂದನ್ನು ಮಾಡುತ್ತಿದ್ದ ಡೆವಲಪರ್ ಒಬ್ಬರು ಈ ಲೈಸೆನ್ಸ್ ಕೇಳಿ ನಾಲ್ಕು ತಿಂಗಳು ಕಾದರು. 2019ರಲ್ಲಿ ಸಿಕ್ಕ ಉತ್ತರ ಒಂದೇ ಸಾಲಿನದು: ಇಂಥ ಓಪನ್ ಸೋರ್ಸ್ ಯೋಜನೆಗೆ ಬೆಂಬಲ ಇಲ್ಲ. ಅವರು ಆ ಬ್ರೌಸರ್‌ನ ಕೆಲಸ ಕೈಬಿಟ್ಟರು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ದೊಡ್ಡ ಅನ್ಯಾಯ ಇದೇ. ಬಳಕೆದಾರನಿಗೆ ಒಂದು ಚೆಕ್‌ಬಾಕ್ಸ್ ಆದರೂ ಇದೆ. ಹೊಸ ಬ್ರೌಸರ್ ಕಟ್ಟುವವನಿಗೆ ಅದೂ ಇಲ್ಲ. ಹಿಂದೆ ನಿಯಮಾವಳಿ ಓದಿ ಯಾರು ಬೇಕಾದರೂ ಒಂದು ಬ್ರೌಸರ್ ಬರೆಯಬಹುದಿತ್ತು. ಈಗ ಎಲ್ಲ ಬರೆದು ಮುಗಿಸಿದ ಮೇಲೂ ಒಬ್ಬ ಪ್ರತಿಸ್ಪರ್ಧಿಯ ಬಾಗಿಲು ತಟ್ಟಬೇಕು.

ಇದಕ್ಕೆ ಅಂಟಿಕೊಂಡಿರುವ ಇನ್ನೊಂದು ತೊಡಕು ಇದೆ. ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ, ಬ್ರೌಸರ್‌ನ ಫೈಲ್‌ಗಳಿಗೆ ಒಪ್ಪಿತ ಸಹಿ ಇದೆಯೇ ಅಂತ ವೈಡ್‌ವೈನ್ ನೋಡಬಲ್ಲದು. ಸಹಿ ಇಲ್ಲದ ಬ್ರೌಸರ್‌ಗೆ ಕೀ ಕೊಡಬೇಕೋ ಬೇಡವೋ ಸೈಟ್ ನಿರ್ಧರಿಸುತ್ತದೆ. ಅಂದರೆ ನೀವು ಫೈರ್‌ಫಾಕ್ಸ್ ಅಥವಾ ಕ್ರೋಮಿಯಂನ ಒಂದು ಸಾಲು ಬದಲಿಸಿ ಕಂಪೈಲ್ ಮಾಡಿದಿರಿ ಅಂದುಕೊಳ್ಳಿ. ಲೈಸೆನ್ಸ್ ಪ್ರಕಾರ ಅದು ನಿಮ್ಮ ಹಕ್ಕು. ಆದರೆ ಬದಲಿಸಿದ ಬ್ರೌಸರ್‌ನಲ್ಲಿ ಆ ಸಹಿ ಇರುವುದಿಲ್ಲ, ಸಿನಿಮಾ ನಿಲ್ಲಬಹುದು. ಓದುವ ಹಕ್ಕಿದೆ, ತಿದ್ದುವ ಹಕ್ಕಿದೆ, ತಿದ್ದಿದ್ದನ್ನು ಅದೇ ರೀತಿ ಬಳಸುವ ಅನುಕೂಲ ಮಾತ್ರ ಇಲ್ಲ. ಹಿಂದೆ ಟಿವೋ ಅನ್ನುವ ವಿಡಿಯೊ ರೆಕಾರ್ಡರ್ ಇದೇ ಆಟ ಆಡಿತ್ತು. ಜಿಪಿಎಲ್ ಅನ್ನುವ ಮುಕ್ತ ತಂತ್ರಾಂಶ ಲೈಸೆನ್ಸ್‌ನ 2007ರ ಮೂರನೇ ಆವೃತ್ತಿಯಲ್ಲಿ ಅದಕ್ಕೇ ತಡೆ ಹಾಕಿದರು. ಫೈರ್‌ಫಾಕ್ಸ್, ಕ್ರೋಮಿಯಂ ಬೇರೆ ಲೈಸೆನ್ಸ್‌ಗಳಲ್ಲಿ ಇರುವುದರಿಂದ ಆ ತಡೆ ಇಲ್ಲಿ ಅನ್ವಯಿಸುವುದಿಲ್ಲ.

ಇಷ್ಟಾಗಿಯೂ ಕೊಡಬೇಕು ಅನ್ನಿಸಿದರೆ ನನ್ನ ವಿರೋಧವಿಲ್ಲ. ಸಿನಿಮಾ ನೋಡಬೇಕು ಅನ್ನುವುದು ಅಪರಾಧವಲ್ಲ. ನೀವು ಕೊಡದಿದ್ದರೆ ಅವರು ಕ್ರೋಮ್ ತೆರೆಯುತ್ತಾರೆ, ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಆದರೆ ಕೊಡುವ ರೀತಿ ಮುಖ್ಯ. ಇನ್‌ಸ್ಟಾಲ್ ಮಾಡುವಾಗ ಫೈಲ್ ಜೊತೆಗೆ ಬರಬಾರದು. ಬೀಗವಿರುವ ವಿಡಿಯೊ ಮೊದಲ ಸಲ ಎದುರಾದಾಗ ಕೇಳಿ. ಬ್ರೇವ್ ಬ್ರೌಸರ್ ಕೇಳಿಯೇ ಇಳಿಸಿಕೊಳ್ಳುತ್ತದೆ. ಕೇಳುವಾಗ ‘ಉತ್ತಮ ಅನುಭವಕ್ಕಾಗಿ ಆನ್ ಮಾಡಿ’ ಅನ್ನುವಂಥ ಮಾತು ಬೇಡ. ನಾನಾದರೆ ಹೀಗೆ ಬರೆಯುತ್ತೇನೆ: ‘ಈ ವಿಡಿಯೊ ನೋಡಲು ಗೂಗಲ್‌ನ ಒಂದು ಮುಚ್ಚಿದ ಪ್ರೋಗ್ರಾಂ ಬೇಕು. ಅದರ ಒಳಗೆ ಏನಿದೆ ಅಂತ ನಾವು ನೋಡಿಲ್ಲ, ನೋಡಲು ನಮಗೆ ಸಿಗುವುದೂ ಇಲ್ಲ. ಹಾಕಿಕೊಂಡ ಮೇಲೂ ಯಾವಾಗ ಬೇಕಾದರೂ ತೆಗೆಯಬಹುದು.’ ಕೆಳಗೆ ಎರಡು ಬಟನ್, ಎರಡೂ ಒಂದೇ ಅಳತೆ, ಒಂದೇ ಬಣ್ಣ. ಬೇಡ ಅಂದವರನ್ನು ಆ ಸೈಟ್‌ನಲ್ಲಿ ಮತ್ತೆ ಮತ್ತೆ ಪೀಡಿಸಬೇಡಿ. ಆಫ್ ಮಾಡಿದಾಗ ಫೈಲೂ ಡಿಸ್ಕ್‌ನಿಂದ ಹೋಗಬೇಕು. ಫೈರ್‌ಫಾಕ್ಸ್ ಹಾಗೇ ಮಾಡುತ್ತದೆ, ಅದನ್ನು ಅನುಸರಿಸಿ.

ಹೊರಗಿನಿಂದ ಇಳಿದು ಬರುವ ಫೈಲ್‌ಗಳೆಲ್ಲ ಒಂದೇ ಅಂತ ನಿಮ್ಮ ತಂಡದ ಎರಡನೇ ಗುಂಪು ವಾದಿಸಿದರೆ, ಓಪನ್‌ಎಚ್264 ಅನ್ನುವ ವಿಡಿಯೊ ತಂತ್ರಾಂಶದ ಕಡೆ ಬೊಟ್ಟು ಮಾಡಿ. ಅದೂ ಫೈರ್‌ಫಾಕ್ಸ್‌ಗೆ ಹೊರಗಿನಿಂದಲೇ ಇಳಿದು ಬರುವ ಫೈಲ್. ಪೇಟೆಂಟ್ ತಾಪತ್ರಯ ತಪ್ಪಿಸಲು ಸಿಸ್ಕೊ ಅದನ್ನು ತಾನೇ ಕಂಪೈಲ್ ಮಾಡಿ ಹಂಚುತ್ತದೆ. ಆದರೆ ಅದರ ಸೋರ್ಸ್ ಕೋಡ್ ಎಲ್ಲರ ಮುಂದಿದೆ. ಇಳಿದು ಬರುವ ದಾರಿ ಎರಡಕ್ಕೂ ಒಂದೇ, ನೈತಿಕ ತೂಕ ಒಂದಲ್ಲ.

ಹಾಕುವುದೇ ಇಲ್ಲ ಅಂದುಕೊಂಡರೆ ಅದೂ ಗೌರವದ ದಾರಿ. ಟಾರ್ ಬ್ರೌಸರ್‌ನಲ್ಲಿ ಡಿಆರ್‌ಎಂ ಇಲ್ಲ. ಗ್ನೂ ಐಸ್‌ಕ್ಯಾಟ್‌ನಲ್ಲೂ ಇಲ್ಲ. ಲಿಬ್ರೆವುಲ್ಫ್‌ನಲ್ಲಿ ಆಫ್ ಆಗಿ ಬರುತ್ತದೆ. ಡೌನ್‌ಲೋಡ್ ಪುಟದಲ್ಲೇ ಇದನ್ನು ಸ್ಪಷ್ಟವಾಗಿ ಬರೆದುಬಿಡಿ, ಸಿನಿಮಾ ಓಡುತ್ತಿಲ್ಲ ಅನ್ನುವ ದೂರುಗಳು ಅರ್ಧ ಕಡಿಮೆಯಾಗುತ್ತವೆ. ಒಂದು ಕೆಲಸ ಮಾತ್ರ ಬೇಡ. ಕ್ರೋಮ್‌ನಿಂದ ಫೈಲ್ ಎತ್ತಿಕೊಂಡು ನಿಮ್ಮ ಪ್ಯಾಕೇಜ್‌ಗೆ ಸದ್ದಿಲ್ಲದೆ ಸೇರಿಸಬೇಡಿ. ಅದು ಕಾನೂನಿಗೂ ಸಲ್ಲದು, ಬಳಕೆದಾರನಿಗೂ ಹೇಳದೆ ಮಾಡಿದ್ದು.

ಪ್ರಶ್ನೆ: ಕಂಪ್ಯೂಟರ್ ಭದ್ರತೆ ಓದುತ್ತಿದ್ದೇನೆ. ಈ ಡಿಆರ್‌ಎಂ ಫೈಲ್‌ಗಳಲ್ಲಿ ದೋಷ ಹುಡುಕುವ ಆಸೆ. ಅಪಾಯವೇ?

ತಾಂತ್ರಿಕವಾಗಿ ಒಳ್ಳೆ ವಿಷಯ, ಕಾನೂನಿನ ದೃಷ್ಟಿಯಿಂದ ಮುಳ್ಳಿನ ದಾರಿ. ಅಮೆರಿಕದ 1998ರ ಡಿಎಂಸಿಎ ಕಾಯ್ದೆಯ 1201ನೇ ವಿಧಿ ಡಿಜಿಟಲ್ ಬೀಗ ಮುರಿಯುವುದನ್ನೇ ನಿಷೇಧಿಸುತ್ತದೆ. ಆಮೇಲೆ ನಕಲು ಮಾಡಿದಿರೋ ಇಲ್ಲವೋ ಅನ್ನುವುದು ಬೇರೆ ಮಾತು. 2001ರಲ್ಲಿ ರಷ್ಯಾದ ಪ್ರೋಗ್ರಾಮರ್ ದಿಮಿತ್ರಿ ಸ್ಕ್ಲ್ಯಾರೋವ್ ಇ-ಪುಸ್ತಕದ ಬೀಗದ ಬಗ್ಗೆ ಲಾಸ್ ವೇಗಸ್‌ನಲ್ಲಿ ಉಪನ್ಯಾಸ ಕೊಟ್ಟ ಮೇಲೆ ಬಂಧನಕ್ಕೊಳಗಾದರು. ಭದ್ರತಾ ಪರೀಕ್ಷೆಗೆ ಕಾಯ್ದೆಯಲ್ಲಿ ಕೆಲವು ವಿನಾಯಿತಿಗಳಿವೆ, ಮೂರು ವರ್ಷಕ್ಕೊಮ್ಮೆ ಇನ್ನಷ್ಟು ವಿನಾಯಿತಿಗಳನ್ನು ಪರಿಶೀಲಿಸುತ್ತಾರೆ. ಆದರೂ ಅಂಚು ಎಲ್ಲಿದೆ ಅಂತ ವಕೀಲರಿಗೇ ಗೊಂದಲ.

ಹೊರಗಿನ ಕಣ್ಣು ಏಕೆ ಬೇಕು ಅನ್ನುವುದಕ್ಕೆ 2005ರ ಸೋನಿ ಬಿಎಂಜಿ ಪ್ರಕರಣ ಸಾಕು. ನಕಲು ತಡೆಯಲೆಂದು ಹಾಡಿನ ಸಿಡಿಗಳಲ್ಲಿ ಇಟ್ಟಿದ್ದ ತಂತ್ರಾಂಶ ವಿಂಡೋಸ್ ಒಳಗೆ ಅಡಗಿ ಕೂರುತ್ತಿತ್ತು. ಅದು ಮಾಡಿಕೊಟ್ಟ ಮರೆಯಲ್ಲಿ ಬೇರೆ ಕೆಟ್ಟ ತಂತ್ರಾಂಶಗಳೂ ಅವಿತುಕೊಳ್ಳಬಹುದಿತ್ತು. ಕಂಪನಿ ಅದನ್ನು ತಾನಾಗಿ ಹೇಳಲಿಲ್ಲ. ಮಾರ್ಕ್ ರುಸಿನೋವಿಚ್ ಎಂಬ ತಜ್ಞ ತಮ್ಮ ಯಂತ್ರದಲ್ಲಿ ಕಂಡು ಬಯಲು ಮಾಡಿದರು.

ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಇದನ್ನು ಸರಿಮಾಡಬಹುದಿತ್ತು. ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಒಂದು ಮಧ್ಯದ ದಾರಿ ಸೂಚಿಸಿತ್ತು. ಇಎಂಇ ಬರಲಿ, ಆದರೆ ದೋಷ ಹುಡುಕುವವರ ಮೇಲೆ, ಅಂಗವಿಕಲರಿಗೆ ಅನುಕೂಲ ಮಾಡಿಕೊಡುವವರ ಮೇಲೆ ಈ ಕಾನೂನು ಬಳಸಿ ಮೊಕದ್ದಮೆ ಹೂಡುವುದಿಲ್ಲ ಅಂತ ಸದಸ್ಯ ಕಂಪನಿಗಳು ಮಾತು ಕೊಡಲಿ. ಎಷ್ಟು ಸಣ್ಣ ಬೇಡಿಕೆ ನೋಡಿ. ಅದೂ ಆಗಲಿಲ್ಲ. ಆ ಮಾತಿಲ್ಲದೆಯೇ ಇಎಂಇ ಮತಕ್ಕೆ ಬಂತು. 463 ಸದಸ್ಯರಲ್ಲಿ 185 ಮಂದಿ ಮತ ಹಾಕಿದರು. 108 ಪರ, 57 ವಿರುದ್ಧ, 20 ತಟಸ್ಥ. 2017ರ ಸೆಪ್ಟೆಂಬರ್ 18ರಂದು ಇಎಂಇ ಅಧಿಕೃತ ಶಿಫಾರಸು ಆಯಿತು. ಅದೇ ದಿನ ಆ ಫೌಂಡೇಶನ್ ಡಬ್ಲ್ಯೂ3ಸಿ ಬಿಟ್ಟು ಹೊರಬಂತು.

ನಿಮಗೆ ನನ್ನ ಸಲಹೆ: ಪ್ರಾಧ್ಯಾಪಕರ ಮಾರ್ಗದರ್ಶನ, ಸಂಸ್ಥೆಯ ಲಿಖಿತ ಅನುಮತಿ, ಒಬ್ಬ ವಕೀಲರ ಮಾತು, ಈ ಮೂರೂ ಇಲ್ಲದೆ ಡಿಆರ್‌ಎಂ ಫೈಲ್‌ಗೆ ಕೈ ಹಾಕಬೇಡಿ. ಸ್ಯಾಂಡ್‌ಬಾಕ್ಸ್‌ನ ಕೋಡ್ ತೆರೆದೇ ಇದೆ, ಅಲ್ಲಿಂದ ಶುರು ಮಾಡಿ. ಅಲ್ಲಿ ದೋಷ ಸಿಕ್ಕರೆ ಮೊಜಿಲ್ಲಾ ಬಹುಮಾನವನ್ನೂ ಕೊಡುತ್ತದೆ.

ಪ್ರಶ್ನೆ: ನಾನು ಕಿರುಚಿತ್ರ ಮಾಡುವವಳು. ಬಾಡಿಗೆಗೆ ಬಿಟ್ಟ ಚಿತ್ರ ಮಾರನೇ ದಿನವೇ ಕದ್ದು ಹಂಚಿಕೆಯಾದರೆ ನನ್ನ ಗತಿಯೇನು? ಡಿಆರ್‌ಎಂ ವಿರೋಧಿಸುವವರು ನಮ್ಮಂಥವರನ್ನು ಯೋಚಿಸುತ್ತಾರಾ?

ಎಲ್ಲರೂ ಯೋಚಿಸುವುದಿಲ್ಲ, ಅದು ತಪ್ಪೇ. ಮೂರು ದಿನಕ್ಕೆ ಅಂತ ಹೇಳಿಯೇ ಬಾಡಿಗೆಗೆ ಕೊಟ್ಟಾಗ ಅವಧಿ ಮುಗಿದ ಮೇಲೆ ಬೀಗ ಬೀಳುವುದರಲ್ಲಿ ನನಗೆ ತಕರಾರಿಲ್ಲ. ‘ಕೊಂಡುಕೊಳ್ಳಿ’ ಅಂತ ಬರೆದು ಹಣ ತೆಗೆದುಕೊಂಡು ಅದೇ ಬೀಗ ಹಾಕಿದರೆ ತಕರಾರಿದೆ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆ ಮುಚ್ಚಿದಾಗ ಜನ ಕೊಂಡಿದ್ದ ಪುಸ್ತಕಗಳೂ ಹೋದವು. ಹಣವೇನೋ ವಾಪಸ್ ಕೊಟ್ಟರು.

ಆದರೆ ಬೀಗ ನಿಮ್ಮನ್ನು ಎಷ್ಟು ಕಾಯುತ್ತದೆ ಅಂತಲೂ ನೋಡಿ. ಕಳ್ಳ ನಕಲು ಹುಟ್ಟಲು ಜಗತ್ತಿನಲ್ಲಿ ಎಲ್ಲೋ ಒಬ್ಬ ಒಂದು ಸಲ ಬೀಗ ಮುರಿದರೆ ಸಾಕು. ಆಮೇಲೆ ಹರಿದಾಡುವ ಪ್ರತಿಗೆ ಬೀಗವೇ ಇಲ್ಲ. ಬೀಗ ಉಳಿಯುವುದು ದುಡ್ಡು ಕೊಟ್ಟವನ ಹತ್ತಿರ. ಸಾಲದ್ದಕ್ಕೆ ಯಂತ್ರಾಂಶದ ಭದ್ರತೆ ಇಲ್ಲದ ಕಂಪ್ಯೂಟರ್‌ಗಳಲ್ಲಿ ವೈಡ್‌ವೈನ್ ಕೆಳಗಿನ ಹಂತದಲ್ಲಿ ಓಡುತ್ತದೆ, ಹಲವು ಸೇವೆಗಳು ಅಲ್ಲಿಗೆ ಕಡಿಮೆ ಗುಣಮಟ್ಟದ ಚಿತ್ರ ಕಳಿಸುತ್ತವೆ. ಕದ್ದವನಿಗಿಂತ ಕೊಂಡವನಿಗೆ ಮಸುಕು ಚಿತ್ರ. ಹಾಡು ಮಾರುವವರು ಇದನ್ನು ಅನುಭವಿಸಿಯೇ ಪಾಠ ಕಲಿತರು. 2009ರಲ್ಲಿ ಆಪಲ್ ತನ್ನ ಐಟ್ಯೂನ್ಸ್‌ನಲ್ಲಿ ಮಾರುವ ಹಾಡುಗಳಿಂದ ಡಿಆರ್‌ಎಂ ತೆಗೆಯಿತು, ಹಾಡಿನ ವ್ಯಾಪಾರ ಅದರಿಂದ ಮುಳುಗಲಿಲ್ಲ. ಲಾಗಿನ್ ಇದ್ದವರಿಗೆ ಮಾತ್ರ ತೆರೆಯುವ ಲಿಂಕ್, ಪ್ರತಿಯೊಬ್ಬರ ಪ್ರತಿಯಲ್ಲೂ ಕಣ್ಣಿಗೆ ಕಾಣದ ಗುರುತು, ಇವು ನಿಮ್ಮ ಅಳತೆಯ ಚಿತ್ರಗಳಿಗೆ ಸಾಕಾಗಬಹುದು. ಯಾರ ಬ್ರೌಸರ್ ಒಳಗೂ ಏನನ್ನೂ ಇಳಿಸಬೇಕಾಗಿಲ್ಲ.

ಪ್ರಶ್ನೆ: ಇವತ್ತು ವಿಡಿಯೊ, ನಾಳೆ ಇಡೀ ವೆಬ್ ಪುಟವೇ ಹೀಗೆ ಬೀಗದೊಳಗೆ ಹೋಗುತ್ತದಾ?

ಪ್ರಯತ್ನ ಆಗಲೇ ನಡೆದಿದೆ. 2023ರಲ್ಲಿ ಗೂಗಲ್‌ನವರು ವೆಬ್ ಎನ್ವಿರಾನ್ಮೆಂಟ್ ಇಂಟೆಗ್ರಿಟಿ ಅನ್ನುವ ಪ್ರಸ್ತಾಪ ತಂದರು. ನಿಮ್ಮ ಬ್ರೌಸರ್ ಮತ್ತು ಯಂತ್ರ ‘ನಂಬಲರ್ಹ’ ಅಂತ ಮೂರನೆಯವರು ಸರ್ಟಿಫಿಕೇಟ್ ಕೊಡುವುದು, ಸೈಟ್ ಅದನ್ನು ನೋಡಿ ಒಳಗೆ ಬಿಡುವುದು. ಮೊಜಿಲ್ಲಾ ವಿರೋಧಿಸಿತು, ಗದ್ದಲ ಜೋರಾಯಿತು, ಅದೇ ವರ್ಷದ ನವೆಂಬರ್‌ನಲ್ಲಿ ಕೈಬಿಟ್ಟರು. ಇಎಂಇ ವಿಷಯದಲ್ಲಿ ಮೊದಲ ಬ್ರೌಸರ್‌ಗಳು ತಲೆಯಾಡಿಸಿದ ಮೇಲೆ ಗದ್ದಲ ಶುರುವಾಗಿತ್ತು. ಇಲ್ಲಿ ಅದಕ್ಕೂ ಮುಂಚೆ ಶುರುವಾಯಿತು. ವ್ಯತ್ಯಾಸ ಬಹುಮಟ್ಟಿಗೆ ಅಷ್ಟೇ.

ಪ್ರಶ್ನೆ: ಇದೆಲ್ಲ ಗೊತ್ತಾಯಿತು. ಆದರೂ ಮನೆಯವರಿಗೆ ಸಿನಿಮಾ ಬೇಕು, ನನಗೆ ಡಿಆರ್‌ಎಂ ಬೇಡ. ಕಂಪ್ಯೂಟರ್ ಒಂದೇ. ದಾರಿ ಇದೆಯಾ?

ಇದೆ. ಫೈರ್‌ಫಾಕ್ಸ್‌ನಲ್ಲಿ ಎರಡು ಪ್ರೊಫೈಲ್ ಮಾಡಿ. ಡಿಆರ್‌ಎಂ ಸೆಟ್ಟಿಂಗ್ ಪ್ರತಿ ಪ್ರೊಫೈಲ್‌ಗೂ ಬೇರೆ, ವೈಡ್‌ವೈನ್ ಫೈಲ್ ಕೂಡ ಆಯಾ ಪ್ರೊಫೈಲ್‌ನ ಫೋಲ್ಡರ್‌ಗೇ ಇಳಿಯುತ್ತದೆ. ನಿಮ್ಮ ದಿನದ ಕೆಲಸದ ಪ್ರೊಫೈಲ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಜನರಲ್ ವಿಭಾಗದಲ್ಲಿ ಡಿಆರ್‌ಎಂ ಇರುವ ವಿಡಿಯೊ ಓಡಿಸುವ ಆಯ್ಕೆಯ ಟಿಕ್ ತೆಗೆಯಿರಿ. ‘ಸಿನಿಮಾ’ ಅಂತ ಇನ್ನೊಂದು ಪ್ರೊಫೈಲ್ ಮಾಡಿ, ಅಲ್ಲಿ ಮಾತ್ರ ಟಿಕ್ ಇರಲಿ. ಆ ಪ್ರೊಫೈಲ್‌ನಲ್ಲಿ ಮೇಲ್, ಬ್ಯಾಂಕ್ ಯಾವುದಕ್ಕೂ ಲಾಗಿನ್ ಆಗದಂತೆ ಮನೆಯವರಿಗೆ ಹೇಳಿಡಿ.